ಹಗಲು ಕಾರ್ಖಾನೆ, ಸಂಜೆ ಕಾಲೇಜು: ಮಾಲೀಕರ ಹೊಣೆ ಎಷ್ಟು?

ಹಲವು ವರ್ಷಗಳ ಹಿಂದಿನ ಮಾತು. ಪೀಣ್ಯದ ನಮ್ಮ ಮೆಷಿನ್ ಶಾಪಿನಲ್ಲಿ ಡಿಪ್ಲೊಮಾ ಪಡೆದ ಯುವಕನೊಬ್ಬ ಸೂಪರ್‌ವೈಸರ್ ಆಗಿದ್ದ. ಸಂಜೆ ಕಾಲೇಜಿನಲ್ಲಿ ಬಿ.ಇ.ಗೆ ಸೇರಿರುವ ಸಂಗತಿಯನ್ನು ಆತ ನನಗೆ ತಿಳಿಸಿದ್ದು ಪರೀಕ್ಷೆಗೆ ಎರಡೇ ದಿನ ಉಳಿದಿರುವಾಗ. ತಿಂಗಳ ಕೊನೆಯಾಗಿತ್ತು, ಮಾಲು ರವಾನೆ ಬಾಕಿಯಿತ್ತು, ರಜೆ ಕೊಡಲಿಲ್ಲ. ಯುಗಾದಿಗೆ ಮೊದಲೇ ಆತ ಕೆಲಸ ಬಿಟ್ಟ. ಡ್ರಾಯಿಂಗ್ ನೋಡಿದೊಡನೆ ಫಿಕ್ಸ್ಚರ್ ಹೇಗಿರಬೇಕೆಂದು ಹೇಳಬಲ್ಲ ಇನ್ನೊಬ್ಬನನ್ನು ಹುಡುಕಲು ನನಗೆ ಎಂಟು ತಿಂಗಳು ಹಿಡಿಯಿತು.

ಈ ಹಳೆಯ ಪ್ರಸಂಗವನ್ನು ಸದಸ್ಯರ ಮುಂದಿಡಲು ಕಾರಣವಿದೆ. ದುಡಿಯುತ್ತಲೇ ಎಂಜಿನಿಯರ್ ಆಗಬಯಸುವವರಿಗೆ ನಡುವೆ ಕೆಲವು ದಾರಿಗಳು ಮುಚ್ಚಿಹೋದವು. ಬಹುಕಾಲ ಆಸರೆಯಾಗಿದ್ದ ಎ.ಎಂ.ಐ.ಇ. ಪರೀಕ್ಷೆಗೆ 2013ರ ಮೇ 31ರ ನಂತರ ನೋಂದಾಯಿಸಿಕೊಂಡವರಿಗೆ ಪದವಿಯ ಸಮಾನತೆ ಉಳಿಯಲಿಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದ ಮೂಲಕ ನೀಡಿದ್ದ ಎಂಜಿನಿಯರಿಂಗ್ ಪದವಿಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ಬಳಿಕ 2023–24ರ ಸುಮಾರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಉದ್ಯೋಗದಲ್ಲಿರುವ ಡಿಪ್ಲೊಮಾಧಾರಿಗಳಿಗೆ ಅನುಕೂಲದ ವೇಳೆಯಲ್ಲಿ ಪಾಠ ನಡೆಸಿ ಪದವಿ ನೀಡಲು ಕಾಲೇಜುಗಳಿಗೆ ಅವಕಾಶ ಕಲ್ಪಿಸಿತು. ಸೇರುವವರು ಕಾಲೇಜಿಗೆ ಆ ಅನುಮೋದನೆ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇದನ್ನು ಅವರಿಗೆ ತಿಳಿಹೇಳುವುದು ನಮಗೇನೂ ಕಷ್ಟವಲ್ಲ.

ಆದರೆ ಅನುಮೋದನೆ ಸಿಕ್ಕ ಮಾತ್ರಕ್ಕೆ ಓದಲು ಸಮಯ ಸಿಕ್ಕಂತಾಗುವುದಿಲ್ಲ. ಆ ಸಮಯ ನಮ್ಮ ಕೈಯಲ್ಲಿದೆ. ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಬಂದವನು ಆರಕ್ಕೆ ತರಗತಿಯಲ್ಲಿರಬೇಕಾದರೆ ಐದಕ್ಕೆ ಗೇಟು ದಾಟಲೇಬೇಕು. 2014ರ ಮಾರ್ಚ್‌ನಲ್ಲಿ ಪೀಣ್ಯಕ್ಕೆ ಮೆಟ್ರೋ ಬಂದು ಓಡಾಟ ಎಷ್ಟೋ ಹಗುರಾಯಿತು, ನಿಜ. ಆದರೆ ಐದು ಗಂಟೆಗೆ "ಇದೊಂದು ಲಾಟ್ ಮುಗಿಸಿ ಹೋಗಪ್ಪಾ" ಎನ್ನುವ ನಮ್ಮ ಅಭ್ಯಾಸಕ್ಕೆ ಮೆಟ್ರೋ ಏನು ಮಾಡೀತು? ಓವರ್‌ಟೈಮಿಗೆ ನಾವು ಮೊದಲು ಕರೆಯುವುದೂ ಚುರುಕಾದವನನ್ನೇ. ಹೀಗೆ ಓದುವ ಯೋಗ್ಯತೆಯುಳ್ಳವನಿಗೇ ಓದು ತಪ್ಪುತ್ತದೆ.

ಆದ್ದರಿಂದ ತರಗತಿಯ ದಿನಗಳಲ್ಲಿ ಓವರ್‌ಟೈಂ ಇಲ್ಲವೆಂದೂ ಪರೀಕ್ಷೆಗೆ ಇಂತಿಷ್ಟು ರಜೆಯೆಂದೂ ಸೆಮಿಸ್ಟರ್ ಆರಂಭದಲ್ಲಿಯೇ ಲಿಖಿತವಾಗಿ ಒಪ್ಪಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಹತ್ತು–ಹದಿನೈದು ಜನರ ಘಟಕಕ್ಕೆ ಇದು ಹೊರೆಯೇ, ನಾನು ಅಲ್ಲಗಳೆಯುವುದಿಲ್ಲ. ಅವನ ಜಾಗದಲ್ಲಿ ನಿಲ್ಲಲು ಇನ್ನೊಬ್ಬನನ್ನು ತಯಾರು ಮಾಡಬೇಕಾಗುತ್ತದೆ. ಒಬ್ಬನೇ ಸೂಪರ್‌ವೈಸರನನ್ನು ನಂಬಿ ಕಾರ್ಖಾನೆ ನಡೆಸುವವರು ಆ ತಯಾರಿಯನ್ನು ಹೇಗಿದ್ದರೂ ಮಾಡಬೇಕಾದದ್ದೇ.

"ಪದವಿ ಬಂದೊಡನೆ ದೊಡ್ಡ ಕಂಪನಿಗೆ ಹೋಗುತ್ತಾನೆ" ಎಂಬ ಆಕ್ಷೇಪವನ್ನು ನಾನು ಬಲ್ಲೆ. ಹೋಗಬಹುದು. ಅದಕ್ಕೆ ಹೆದರಿ ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟುಕೊಳ್ಳುವವರೂ ನಮ್ಮ ನಡುವೆ ಇದ್ದಾರೆ. ಅದು ಸರಿಯಲ್ಲ, ಫಲಕಾರಿಯೂ ಅಲ್ಲ. ಪದವಿಗೆ ತಕ್ಕ ಸಂಬಳ, ಹುದ್ದೆ ಯಾವುದೆಂದು ಮೊದಲೇ ಹೇಳಿದರೆ ಉಳಿಯಬೇಕೋ ಹೋಗಬೇಕೋ ಎಂದು ಆತನೂ ಲೆಕ್ಕ ಹಾಕುತ್ತಾನೆ. ಹೇಗೂ ಮೂರು ವರ್ಷ ಆತ ನಮ್ಮೊಡನಿರುತ್ತಾನೆ. ಕಾಲೇಜು ಒಪ್ಪಿದರೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ರಿಜೆಕ್ಷನ್ ಸಮಸ್ಯೆಯನ್ನೇ ಕೊಡಬಹುದು.

ಈಗ ನಮ್ಮಲ್ಲಿ ಓದುತ್ತಿರುವ ಹುಡುಗ ಐದನೆಯ ಸೆಮಿಸ್ಟರ್‌ನಲ್ಲಿದ್ದಾನೆ. ತರಗತಿಯ ದಿನ ಐದರ ನಂತರ ಗ್ರಾಹಕರಿಂದ ತುರ್ತು ಕರೆ ಬಂದರೆ ಉತ್ತರಿಸುವವನು ನಾನೇ.