ಅಜ್ಜಿ ಮಾಡಿದ್ದು ಸಿನಿಮಾ, ನಾಯಕಿ ಮಾಡಿದ್ದು ಧಾರಾವಾಹಿ

ರವಿಚಂದ್ರನ್ ಅವರಿಗಿಂತ ಉಮಾಶ್ರೀ ನಾಲ್ಕೇ ವರ್ಷ ದೊಡ್ಡವರು. 1995ರ ‘ಪುಟ್ನಂಜ’ದಲ್ಲಿ ಅವರು ಮೊಮ್ಮಗ, ಇವರು ಅಜ್ಜಿ. ಮೂವತ್ತೆಂಟರ ಹೆಂಗಸು ಮುದುಕಿಯಾದರು, ಮೂವತ್ನಾಲ್ಕರ ಗಂಡಸು ಮದುವೆಗೆ ಬಂದ ಹೈದನಾಗಿ ಹಾಡಿ ಕುಣಿದರು. ಆ ಅಜ್ಜಿ ಪುಟ್ಮಲ್ಲಿಯ ಪಾತ್ರ ಗೆದ್ದಿತು. ಥಿಯೇಟರಿನಲ್ಲಿ ನಕ್ಕವರಲ್ಲಿ ನಾನೂ ಇದ್ದೆ. ವಯಸ್ಸಿನ ಲೆಕ್ಕ ಹಾಕುವ ಯೋಚನೆ ಒಬ್ಬರಿಗೂ ಬರಲಿಲ್ಲ. ಇದರಲ್ಲಿ ಉಮಾಶ್ರೀ ಅವರ ಅಭಿನಯದ ಕಸುವಿದೆ, ನಮ್ಮ ಚಿತ್ರರಂಗದ ಹಳೆಯ ಚಾಳಿಯೂ ಇದೆ.

ಚಾಳಿ ಎಷ್ಟು ಹಳೆಯದು ಎಂದು ತಿಳಿಯಲು ನಮ್ಮ ಉತ್ತರ ಕನ್ನಡ ಜಿಲ್ಲೆಯವರನ್ನೇ ನೋಡಿದರೆ ಸಾಕು. ಭಟ್ಕಳದಲ್ಲಿ ಹುಟ್ಟಿದ ಪಂಢರಿಬಾಯಿ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರ ಹೆಂಡತಿ. 1986ರ ‘ಅನುರಾಗ ಅರಳಿತು’ ಹೊತ್ತಿಗೆ ಅದೇ ರಾಜಕುಮಾರ್‌ಗೆ ತಾಯಿ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮೂವತ್ತೆರಡು ವರ್ಷ ಕಳೆದರೂ ನಾಯಕ ನಾಯಕನಾಗಿಯೇ ಉಳಿದರು, ನಾಯಕಿ ಒಂದು ತಲೆಮಾರು ದಾಟಿಹೋದರು. ಇದಕ್ಕೆ ಯಾರೋ ಒಬ್ಬ ನಟನನ್ನೋ ನಿರ್ದೇಶಕನನ್ನೋ ದೂರಿ ಫಲವಿಲ್ಲ. ಟಿಕೆಟ್ ಕೊಂಡವರು ನಾವೇ.

ಇಷ್ಟು ಹೇಳುವ ನಾನು ದಾಂಡೇಲಿಯಲ್ಲಿ ಖಾನಾವಳಿ ನಡೆಸುವವಳು. ಕಾಗದ ಕಾರ್ಖಾನೆಯ ಪಾಳಿಗೆ ತಕ್ಕ ಹಾಗೆ ನಮ್ಮ ಒಲೆ ಹೊತ್ತಿಕೊಳ್ಳುತ್ತದೆ, ಆರುತ್ತದೆ. ರೊಟ್ಟಿ, ಚಪಾತಿ, ಎರಡು ಪಲ್ಯ, ಅನ್ನ, ಸಾರು. ತಿಂಗಳ ಗಿರಾಕಿಗಳೇ ಹೆಚ್ಚು. ಕೆಲವರು ಅಕ್ಕ ಅನ್ನುತ್ತಾರೆ, ಹಳಿಯಾಳ ಕಡೆಯ ಹುಡುಗರು ಮಾವಶಿ ಅನ್ನುತ್ತಾರೆ. ಗೋಡೆಗೆ ಒಂದು ಟಿವಿ ಹಾಕಿಸಿದ್ದೇನೆ. ಅದರ ರಿಮೋಟು ಇರುವುದು ಮಾತ್ರ ನನ್ನ ಆಯಿಯ ಕೈಯಲ್ಲಿ.

ಆಯಿ ಹಳೆಯ ಸೂಪಾದವಳು. ಎಂಬತ್ತರ ದಶಕದಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಆ ಊರು ನೀರಿನಡಿ ಹೋಯಿತು. ತಾಲ್ಲೂಕಿನ ಹೆಸರೂ ಜೋಯಿಡಾ ಆಯಿತು. ಅಲ್ಲಿಂದ ಎದ್ದು ಬಂದ ಅನೇಕರಂತೆ ಆಯಿಯೂ ರಾಮನಗರದಲ್ಲಿ ಸಂಸಾರ ಹೂಡಿದಳು. ಮನೆಮಾತು ಕೊಂಕಣಿ, ಸಂತೆಯ ಮಾತು ಮರಾಠಿ. ಕನ್ನಡ ಅವಳಿಗೆ ಬಂದದ್ದು ಬಹುಪಾಲು ಟಿವಿಯಿಂದ. ಊರನ್ನು ಮುಳುಗಿಸಿ ಗಣೇಶಗುಡಿಯಲ್ಲಿ ಕರೆಂಟು ತೆಗೆದರು. ಆ ಕರೆಂಟಿನಲ್ಲಿ ಧಾರಾವಾಹಿ ನೋಡುವುದು ತನ್ನ ಹಕ್ಕು ಎಂದು ಅವಳ ವಾದ. ಇದಕ್ಕೆ ಎದುರು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾಯಿತು. ಗಂಡುಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ ಹೆಂಗಸು, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಕಥೆ. ಪುಟ್ಟಕ್ಕ ಅಂದರೆ ಉಮಾಶ್ರೀ. ಆಗ ಅವರಿಗೆ ಅರವತ್ತನಾಲ್ಕು. ಬಂದ ಹೊಸದರಲ್ಲೇ ಧಾರಾವಾಹಿ ಟಿಆರ್‌ಪಿ ಪಟ್ಟಿಯ ತುದಿಗೇರಿತು. ಸಂಜೆ ಏಳೂವರೆಗೆ ನಮ್ಮ ಖಾನಾವಳಿಯಲ್ಲಿ ಕ್ರಿಕೆಟ್ ಹಾಕಿ ಎನ್ನುವವರ ದನಿ ಅಡಗಿತು. ಒಂದು ದಿನ ಕಾರ್ಖಾನೆಯ ಹಿರಿಯ ಕೆಲಸಗಾರನೊಬ್ಬ ಕೈಯಲ್ಲಿ ತುತ್ತು ಹಿಡಿದುಕೊಂಡೇ, ‘ಈ ಬಾಯಿ ಆ್ಯಕ್ಟಿಂಗ್ ಮಾಡೂದಿಲ್ರೀ, ನಿಮ್ಮಂಗ ಬಡಸ್ತಾಳ’ ಅಂದ. ನನಗೆ ಹೊಗಳಿಕೆಯೋ ಅವರಿಗೋ ತಿಳಿಯಲಿಲ್ಲ. ಆಯಿಗೆ ಮಾತ್ರ ಸಂದೇಹವಿರಲಿಲ್ಲ. ‘ತಿಕಾ’ ಎಂದು ಟಿವಿಯ ಕಡೆ ಬೆರಳು ತೋರಿಸಿದಳು, ಆಕೆಗೇ ಎಂದು.

ಆ ಸಹಜತೆ ಏಕಾಏಕಿ ಬಂದದ್ದಲ್ಲ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಈ ಹೆಣ್ಣುಮಗಳು ಪಳಗಿದ್ದು ರಂಗಭೂಮಿಯಲ್ಲಿ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ, ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವನಾದವರು ಇವರು. ಅಲ್ಲೂ ಮುದುಕಿಯೇ. ಆದರೆ ಅಲ್ಲಿ ಇಡೀ ನಾಟಕ ಆ ಮುದುಕಿಯ ಹೆಗಲ ಮೇಲೆ ನಿಂತಿತ್ತು. ಮುದುಕಿಯ ಪಾತ್ರ ಕೊಟ್ಟದ್ದು ಅವಮಾನವೆಂದು ನಾನು ಹೇಳುತ್ತಿಲ್ಲ. ಆ ಮುದುಕಿಗೆ ಬದುಕು ಇದೆಯೋ, ಅಥವಾ ನಾಯಕನನ್ನು ಹರಸಿ ಒಳಗೆ ಹೋಗುವುದಷ್ಟೇ ಅವಳ ಕೆಲಸವೋ, ಅದು ನನ್ನ ಪ್ರಶ್ನೆ.

ಸಿನಿಮಾ ಉಮಾಶ್ರೀ ಅವರನ್ನು ಬಳಸಿಕೊಂಡ ಬಗೆಯೇ ಬೇರೆ. 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂತು, ಉಮಾಶ್ರೀ ಮನೆಮಾತಾದರು. ಆಮೇಲೆ ವರ್ಷಗಟ್ಟಲೆ ಎರಡರ್ಥದ ಮಾತು, ಎನ್.ಎಸ್. ರಾವ್ ಅವರಂಥವರ ಜೊತೆ ಹಾಸ್ಯದ ಜೋಡಿ. ಹಾಸ್ಯವೇನೂ ಸಣ್ಣ ಕೆಲಸವಲ್ಲ. ಸಮಯಕ್ಕೆ ಸರಿಯಾಗಿ ನಗಿಸುವುದು ಅಳಿಸುವುದಕ್ಕಿಂತ ಕಷ್ಟ. ಆದರೆ ಆ ಮಾತುಗಳನ್ನು ಬರೆದವರನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಆಡಿದ ಹೆಂಗಸಿನ ಮೇಲೆ ಮುದ್ರೆ ಬಿತ್ತು. ಪೋಲಿ ಮಾತಿಗೆ ಗಂಡಸು ನಕ್ಕರೆ ರಸಿಕ, ಅದನ್ನು ಆಡಿದ ನಟಿ ಮಾತ್ರ ಅಂಥವಳು.

ಆ ಮುದ್ರೆಯನ್ನು ಅಳಿಸಿದ್ದು ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆಯನ್ನು ಆಧರಿಸಿದ ಚಿತ್ರ. ಕರಾವಳಿಯ ಮೀನುಗಾರರ ಊರು, ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ ಗುಲಾಬಿ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಸಿಗುವುದು ಒಂದು ಟಿವಿ, ಒಂದು ಡಿಶ್. ಗುಡಿಸಿಲಿಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಕೆಲವರು ಜಾತಿ ಧರ್ಮ ನೆನೆದು ಹೊರಗೇ ನಿಲ್ಲುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳು ಬಂದಾಗ ಅದೇ ಊರು ಗುಲಾಬಿಯನ್ನು ಅನುಮಾನದ ಕಣ್ಣಿಂದ ನೋಡತೊಡಗುತ್ತದೆ. ಈ ಪಾತ್ರ ಮಾಡಿದ ಉಮಾಶ್ರೀ ಅವರಿಗೆ 2007ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೂ ಕೆಲವು ವರ್ಷ ಮುಂಚೆ ‘ಹಸೀನಾ’ಕ್ಕಾಗಿ ತಾರಾ ಅವರಿಗೆ ಇದೇ ಪ್ರಶಸ್ತಿ ಸಿಕ್ಕಿತ್ತು, ಅದೂ ಕಾಸರವಳ್ಳಿಯವರ ಚಿತ್ರವೇ. ಎರಡು ದಶಕಕ್ಕೂ ಮೀರಿ ಕ್ಯಾಮೆರಾ ಮುಂದೆಯೇ ಇದ್ದ ನಟಿಯಲ್ಲಿ ಏನಿದೆ ಎಂದು ಕೇಳಲು ಒಬ್ಬ ನಿರ್ದೇಶಕ ಬರಬೇಕಾಯಿತು. ಉಳಿದವರು ಏನು ಮಾಡುತ್ತಿದ್ದರು?

ರಾಜಕೀಯದ ದಾರಿಯೂ ಉಮಾಶ್ರೀ ಅವರಿಗೆ ಸಲೀಸಾಗಿರಲಿಲ್ಲ. ತೇರದಾಳದಲ್ಲಿ 2008ರಲ್ಲಿ ಸೋತರು, 2013ರಲ್ಲಿ ಗೆದ್ದು ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾದರು, 2018ರಲ್ಲಿ ಮತ್ತೆ ಸೋತರು. ಸೋತ ಮಂತ್ರಿಗಳು ಸಾಮಾನ್ಯವಾಗಿ ಮುಂದಿನ ಟಿಕೆಟ್ಟಿಗೆ ಕಾಯುತ್ತಾರೆ. ಇವರು ಬಣ್ಣ ಹಚ್ಚಿಕೊಂಡು ಸೌಟು ಹಿಡಿದರು.

ಧಾರಾವಾಹಿಯನ್ನು ನಾನು ಕಣ್ಣುಮುಚ್ಚಿ ಒಪ್ಪುವವಳಲ್ಲ. ಪುಟ್ಟಕ್ಕನ ಮೆಸ್ಸಿನಲ್ಲಿ ಲೆಕ್ಕಕ್ಕಿಂತ ಕಣ್ಣೀರು ಹೆಚ್ಚು. ಸಿಲಿಂಡರ್ ದರ, ಉದ್ರಿ ಗಿರಾಕಿ, ಎಣ್ಣೆ ಡಬ್ಬಿಯ ಚಿಂತೆ ಇಲ್ಲದೆ ಯಾವ ಖಾನಾವಳಿಯ ದಿನವೂ ಮುಗಿಯುವುದಿಲ್ಲ. ಕಥೆ ಎಳೆದಷ್ಟೂ ಸಂಚು ಮಾಡುವವರೇ ಹೆಚ್ಚಾಗುತ್ತಾರೆ, ದುಡಿಯುವವಳು ಹಿಂದೆ ಸರಿಯುತ್ತಾಳೆ. ಕೊರತೆ ಬರವಣಿಗೆಯದು. ಉಮಾಶ್ರೀ ಅವರ ಆ ದಪ್ಪ ದನಿಯಲ್ಲಿ, ಗದರಿಕೆಯ ನಡುವೆಯೇ ತಟ್ಟನೆ ಮೆತ್ತಗಾಗುವ ಆ ಮುಖದಲ್ಲಿ ಬರೆದದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಹೆಂಡತಿಯನ್ನು ಬಿಟ್ಟವನ ಬಗ್ಗೆ ನಮ್ಮ ಗಿರಾಕಿಗಳು ಊಟ ಮುಗಿದ ಮೇಲೂ ವಾದ ಮಾಡಿದ್ದನ್ನು ಕೇಳಿದ್ದೇನೆ. ಭಾಷಣದಿಂದ ಆಗದ ಕೆಲಸ ಅದು.

ವಯಸ್ಸಾದ ಹೆಂಗಸಿನ ಕಥೆ ಯಾರು ನೋಡುತ್ತಾರೆ ಎಂಬುದು ಸಿನಿಮಾದವರ ಮಾಮೂಲು ಮಾತು. ಪುಟ್ಟಕ್ಕನ ಟಿಆರ್‌ಪಿಯೇ ಅದಕ್ಕೆ ಉತ್ತರ. ಅದು ಹೆಂಗಸರು ಮನೆಯಲ್ಲಿ ಪುಕ್ಕಟೆ ನೋಡುವುದು ಎನ್ನುತ್ತಾರೆ. ನಮ್ಮಲ್ಲಿ ನೋಡಿದವರು ಪಾಳಿ ಮುಗಿಸಿ ಬಂದ ಗಂಡಸರು ಸ್ವಾಮಿ. ಥಿಯೇಟರಿಗೆ ಅವರು ಬರಲಿಲ್ಲವೆಂದರೆ, ಅಲ್ಲಿ ಅವರ ತಾಯಿಯೋ ಅಕ್ಕನೋ ಮುಖ್ಯಳಾಗಿರುವ ಕಥೆ ಎಷ್ಟಿದೆ ಎಂದೂ ಕೇಳಿಕೊಳ್ಳಿ.

ಈ ಮಾತು ವಯಸ್ಸಿಗಷ್ಟೇ ನಿಲ್ಲುವುದಿಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರದಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಚೆನ್ನಾಗಿ ನಾಟಕ ಆಡುತ್ತಾರೆ, ಹಾಡುತ್ತಾರೆ. ಕ್ಯಾಮೆರಾ ಈ ಕಡೆ ಬಂದರೆ ಮಾತ್ರ ಅವರಿಂದ ಕೇಳುವುದು ಡಮಾಮಿ ಕುಣಿತ ಒಂದನ್ನೇ. ಒಬ್ಬ ಸಿದ್ದಿ ಹುಡುಗಿ ತಹಶೀಲ್ದಾರಳಾಗಿಯೋ ಟೀಚರಾಗಿಯೋ ಕನ್ನಡದ ತೆರೆಯ ಮೇಲೆ ಯಾಕೆ ಬರಬಾರದು? ಮುದುಕಿಗೊಂದು ಅಚ್ಚು, ಕಪ್ಪು ಬಣ್ಣಕ್ಕೊಂದು ಅಚ್ಚು ಇಟ್ಟುಕೊಂಡು ಕೂತರೆ ಒಳಗಿನ ನಟಿ ಕಾಣುವುದು ಹೇಗೆ?

2025ರ ಜನವರಿಯಲ್ಲಿ ಉಮಾಶ್ರೀ ನಮ್ಮದೇ ಜಿಲ್ಲೆಯ ಹೊನ್ನಾವರದಲ್ಲಿ ಪೆರ್ಡೂರು ಮೇಳದೊಂದಿಗೆ ಯಕ್ಷಗಾನದ ರಂಗಕ್ಕೇರಿ ಮಂಥರೆಯಾದರು. ಅರವತ್ತೇಳನೇ ವಯಸ್ಸಿನಲ್ಲಿ ಹೊಸ ಕಲೆಯೊಂದನ್ನು ಕಲಿತು ಜನರ ಮುಂದೆ ನಿಂತರು. ಕಲಾವಿದೆ ತನ್ನ ಪಾಲಿನ ಕೆಲಸ ಮಾಡಿದ್ದಾರೆ. ಇನ್ನು ಕೆಲಸ ಇರುವುದು ಬರೆಯುವವರಿಗೆ, ದುಡ್ಡು ಹಾಕುವವರಿಗೆ. ದುಡಿಯುವ, ಸಾಲ ತೀರಿಸುವ, ಸಿಟ್ಟಾಗುವ, ಬೇಕಾದರೆ ಪ್ರೀತಿಯನ್ನೂ ಮಾಡುವ ಅರವತ್ತರ ಹೆಂಗಸನ್ನು ಬರೆಯಿರಿ. ಅಂಥ ಸಿನಿಮಾ ಬಂದರೆ ನನ್ನ ಖಾನಾವಳಿಗೆ ಅವತ್ತು ರಜೆ. ಆಯಿಯನ್ನೂ ಕರೆದುಕೊಂಡು, ಟಿಕೆಟ್ ಕೊಂಡೇ ಹೋಗುತ್ತೇನೆ.