ಗ್ವಾಡಿ ಎಣಿಸಿದ್ರು, ಒಲಿ ಎಣಿಸಲಿಲ್ಲ

"ಅವರಿಗೇನ ಬಿಡವಾ, ಹೊಳಿ ಬಂದು ಐದು ಲಕ್ಷ ಕೊಟ್ಟು ಹೋತು." ಈ ಮಾತು ನಾ ಮದವಿ ಮನ್ಯಾಗ ಕೇಳೀನಿ, ಬಸ್ಸಿನ್ಯಾಗ ಕೇಳೀನಿ, ಹಿಟ್ಟಿನ ಗಿರಣ್ಯಾಗ ಪಾಳಿ ಹಚ್ಚಿ ನಿಂತಾಗ ಕೇಳೀನಿ. ಅಂದಾವರು ನಮ್ಮಂಥಾ ಹೆಣ್ಣಮಕ್ಕಳ. ಹೊಳಿ ನೀರು ಹೊಸ್ತಲಾ ದಾಟಿ ಬಂದದ್ದನ್ನ ಎಂದೂ ಕಾಣದಾವರು. 2019ರ ನೆರಿ ಇಳದು ಇಷ್ಟು ವರ್ಷ ಆತು, ಈ ಮಾತು ಮಾತ್ರ ಇಳಿವಲ್ತು. ಮಳಿಗಾಲದಾಗ ಟೀವಿಯೊಳಗ ಡ್ಯಾಮಿನ ಗೇಟು ತೋರಿಸಿದ್ರ ಸಾಕು, ಮತ್ತ ಶುರು. ಅದಕ್ಕ ಈ ಸಲ ಅಡಗಿ ಸುದ್ದಿ, ಹಬ್ಬದ ಸುದ್ದಿ ಬಾಜೂಕ ಇಟ್ಟು ಇದನ್ನ ಬರಿಯಾಕ ಕುಂತೀನಿ. ಸಿಟ್ಟಿನ್ಯಾಗ ಬರದದ್ದು ಅಂತ ಮೊದಲ ಹೇಳಿಬಿಡತೀನಿ, ಓದಾವರು ಹಂಗ ತಿಳಕೊಂಡ ಓದ್ರಿ.

ನನ್ನ ತವರೂರು ಮಲಪ್ರಭಾ ದಂಡಿ ಮ್ಯಾಲ. ಖಾನಾಪುರ ತಾಲೂಕಿನ ಕಣಕುಂಬಿಯೊಳಗ ಹುಟ್ಟಿ, ಸವದತ್ತಿ ಹತ್ರ ನವಿಲುತೀರ್ಥದ ಡ್ಯಾಮಿನ್ಯಾಗ ತಂಗಿ, ರಾಮದುರ್ಗ, ಕೊಣ್ಣೂರು, ಪಟ್ಟದಕಲ್ಲು, ಐಹೊಳಿ ದಾಟಿ ಕೂಡಲಸಂಗಮದಾಗ ಕೃಷ್ಣಾ ಹೊಳಿ ಕೂಡತೈತಿ. ಎಷ್ಟೋ ವರ್ಷ ಡ್ಯಾಮಿನ ಕೆಳಗ ಕಾಲು ತೊಯ್ಯೋವಷ್ಟೂ ನೀರು ಇರಂಗಿಲ್ಲ. ನೀರಿಲ್ಲಂತ ಎರಡೂ ದಂಡಿ ಒತ್ತಿ ಹೊಲಾ ಮಾಡ್ಯಾರ, ಹೊಳಿ ಹಳ್ಳದಂಗ ಸಣ್ಣದಾಗೇತಿ. ಒಮ್ಮೆ ಡ್ಯಾಮ್ ತುಂಬಿ ಗೇಟ್ ಎತ್ತಿದ್ರಂದ್ರ ಆ ನೀರಿಗೆ ಹಾದಿ ಸಾಲಂಗಿಲ್ಲ, ಊರಾಗ ಹೊಕ್ಕೊಂತೈತಿ. 2009ರಾಗ ದಸರಾ ಮುಗದು ಬನ್ನಿ ಕೊಟ್ಟು ಇನ್ನೂ ನಾಕು ದಿನಾ ಆಗಿರಲಿಲ್ಲ, ಅಂಥಾ ಮಳಿ ಹಿಡೀತು. ಮಾಳಗಿ ಮನಿಗೋಳು ನೆನದು ನೆನದು ಮಲಗಿದಾವರ ಮ್ಯಾಲ ಕುಸದ್ವು. ನಮ್ಮ ಉತ್ತರ ಕರ್ನಾಟಕದಾಗ 200ಕ್ಕಿಂತ ಹೆಚ್ಚು ಮಂದಿ ಸತ್ರು.

2019ರಾಗ ಆಗಸ್ಟ್ 5ಕ್ಕ ನಾಗರ ಪಂಚಮಿ. ಪಂಚಮಿ ಅಂದ್ರ ನಮ್ಮ ಕಡೆ ಏನಂತ ನಿಮಗ ಹೇಳಬೇಕಾಗಿಲ್ಲ. ಕೊಟ್ಟ ಹೆಣ್ಣಮಕ್ಕಳೆಲ್ಲಾ ಕೂಸು ಕುನ್ನಿ ಕಟಗೊಂಡು ತವರಿಗೆ ಬಂದಿರತಾರ. ಉಂಡಿ ಕಟ್ಟಿಟ್ಟಿದ್ರು, ಜೋಕಾಲಿ ಹಗ್ಗ ತೊಲಿಗೆ ಹಾಕಿತ್ತು. ಅದ ವಾರ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಕೂಡೇ ಬಂದ್ವು. ಗೋಕಾಕ, ಮುಧೋಳ, ರಾಮದುರ್ಗದಂಥಾ ಪ್ಯಾಟಿಗೂ ನೀರು ಹೊಕ್ತು. ಪಟ್ಟದಕಲ್ಲಿನ ಗುಡಿಗೋಳ ಸುತ್ತ ನೀರು ನಿಂತ ಫೋಟೋ ಎಲ್ಲಾ ಪೇಪರಿನ್ಯಾಗ ಬಂತು. ಆ ಕಲ್ಲಿನ ಗುಡಿಗೋಳು ಸಾವಿರದ ಮ್ಯಾಲ ವರ್ಷದಿಂದ ನಿಂತಾವ, ಆಗೂ ನಿಂತ್ವು. ಮಣ್ಣಿನ ಮನಿಗೋಳು ನಿಲ್ಲಲಿಲ್ಲ. ರಾಜ್ಯದಾಗ 22 ಜಿಲ್ಲಾ, 103 ತಾಲೂಕು ನೆರಿಗೆ ಸಿಕ್ಕಾವಂತ ಸರಕಾರನ ಸಾರಿತು.

ನೀರು ಇಳದ ಮ್ಯಾಲ ಬರಕೊಂಡು ಹೋಗಾವರು ಬಂದ್ರು. ಮನಿ ಎಷ್ಟು ಬಿದ್ದೈತಿ ಅಂತ ನೋಡೋದು. ನೂರಕ್ಕ 75ಕ್ಕಿಂತ ಹೆಚ್ಚು ಬಿದ್ದಿದ್ರ 'ಎ', 25ರಿಂದ 75 ಆದ್ರ 'ಬಿ', 15ರಿಂದ 25 ಆದ್ರ 'ಸಿ'. ನೀವು ಅನ್ನೋ ಐದು ಲಕ್ಷ 'ಎ' ಮನಿಗೆ. ಮಣ್ಣಿನ ಗ್ವಾಡಿ ದಿನಗಟ್ಟಲೆ ನೀರಾಗ ನಿಂತ್ರ ಬುಡಾ ಮೆತ್ತಗಾಗಿರತೈತಿ, ಮ್ಯಾಲ ನೋಡಾಕ ನೆಟ್ಟಗ ಕಾಣತೈತಿ. ಆ ಗ್ವಾಡಿ ಬಾಜೂಕ ತೊಟ್ಟಲಾ ಕಟ್ಟಾಕ ಯಾವ ತಾಯಿಗೆ ಧೈರ್ಯ ಆಗತೈತಿ? ಪಟ್ಟಿಯೊಳಗ ಮಾತ್ರ ಅದು 'ಸಿ'.

ಹೋಗ್ಲಿ, ಬಿದ್ದದ್ದು ಎಷ್ಟು ಅನ್ನೋದರ ಜಗಳ ಎಲ್ಲಾರಿಗೂ ಗೊತ್ತೈತಿ. ನನ್ನ ಜಗಳ ಬ್ಯಾರೆ ಐತಿ. ನಮ್ಮ ತವರಮನಿ ಎದುರಿಗೆ ಒಂದು ದೊಡ್ಡ ಮನಿ ಇತ್ತು. ಬಾಗಲಾ ಒಂದು, ನಂಬರ್ ಒಂದು, ಒಳಗ ಒಲಿ ಮೂರು. ಹಿರೇ ಮಗಂದು ಪಡಸಾಲಿ ಬಲಕ್ಕ, ಸಣ್ಣ ಮಗಂದು ಎಡಕ್ಕ, ಹಿತ್ತಲ ಕಡೆ ಖೋಲಿಯೊಳಗ ನಡುವಿನ ಮಗನ ಹೆಂಡ್ತಿ. ಗಂಡ ತೀರಿಕೊಂಡು ಎರಡು ಮಕ್ಕಳನ್ನ ಕಟಗೊಂಡು ಕೂಲಿ ಮಾಡಾಕಿ. ಮನಿ ಉತಾರ ಇನ್ನೂ ಸತ್ತ ಮಾವನ ಹೆಸರಿಲೇ ಇತ್ತು. ಮನಿ ಪೂರ್ತಿ ಬಿತ್ತು. ಒಂದು ನಂಬರಿಗೆ ಒಂದು ಪರಿಹಾರ, ಅದು ಹಿರೇ ಮಗನ ಖಾತೆಗೆ ಬಂತು. ಅವನೇನು ಕೆಟ್ಟಾಂವಲ್ಲ. ಆದ್ರ ಮೂರು ಸಂಸಾರಕ್ಕ ಐದು ಲಕ್ಷದಾಗ ಏನ ಕಟ್ಟಬೇಕ್ರೀ? ಎರಡು ಖೋಲಿ ಕಟ್ಟಿದ. ಆ ಹೆಣ್ಣಮಗಳು ತಗಡಿನ ಶೆಡ್ಡಿನ್ಯಾಗ ಉಳದ್ಲು. ಬ್ಯಾಸಗ್ಯಾಗ ಆ ತಗಡಿನ ಕೆಳಗ ಮಧ್ಯಾಹ್ನ ಕುಂದರಾಕ ಆಗಂಗಿಲ್ಲ, ಗಿಡದ ನೆರಳಿಗೆ ಬಂದು ಕುಂದರತಿದ್ಲು. ಪಟ್ಟಿಯೊಳಗ ಆಕಿ ಮನಿ ಬಿದ್ದೇ ಇಲ್ಲ. ಯಾಕಂದ್ರ ಆಕಿಗೆ ಮನೀನ ಇರಲಿಲ್ಲ, ಒಲಿ ಒಂದ ಇತ್ತು.

ಇದು ಒಂದು ಓಣಿ ಸುದ್ದಿ ಅಲ್ಲ. ನಿಮ್ಮ ನಿಮ್ಮ ತವರು ನೆನಸಿಕೊಳ್ರಿ. ಒಂದು ಬಾಗಲದಾಗ ಎರಡು ಮೂರು ಒಲಿ ಇರೋ ಮನಿ ಎಷ್ಟು ಅದಾವ?

ಸರಕಾರಕ್ಕ ಒಲಿ ಎಣಿಸಾಕ ಬರಂಗಿಲ್ಲ ಅಂದ್ರ ಒಪ್ಪಬಹುದಿತ್ತು. ಬರತೈತಿ, ಚಲೋತಂಗ ಬರತೈತಿ. 2011ರ ಜನಗಣತಿಯೊಳಗ ಕುಟುಂಬ ಅಂದ್ರ ಏನು ಅಂತ ಬರದಾರ: ಒಂದ ಅಡಗಿಮನ್ಯಾಗ ಉಣ್ಣಾವರು ಒಂದು ಕುಟುಂಬ. 2013ರ ಆಹಾರ ಭದ್ರತಾ ಕಾಯ್ದೆಯೊಳಗ ರೇಷನ್ ಕಾರ್ಡಿಗೆ 18 ವರ್ಷ ದಾಟಿದ ಹಿರೀ ಹೆಣ್ಣಮಗಳನ್ನ ಯಜಮಾನಿ ಅಂತ ಮಾಡ್ಯಾರ. ಆ ವಿಧವಾ ಹೆಣ್ಣಮಗಳ ಹತ್ರ ಕಾರ್ಡ್ ಇತ್ತು, ಆಕಿ ಹೆಸರಿಲೇ ಇತ್ತು, ತಿಂಗಳಾ ಅಕ್ಕಿ ತರತಿದ್ಲು. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅದ ಕಾರ್ಡ್ ನೋಡಿ ಯಜಮಾನಿ ಖಾತೆಗೆ ಹಾಕ್ತಾರ. ಅಂದ್ರ ಅಕ್ಕಿ ಕೊಡೋ ಹೊತ್ತಿಗೆ ಒಲಿ ಲೆಕ್ಕ, ಮನಿ ಕೊಡೋ ಹೊತ್ತಿಗೆ ಗ್ವಾಡಿ ಲೆಕ್ಕ. ಅಕ್ಕಿಗೆ ಯಜಮಾನಿ, ಐದು ಲಕ್ಷಕ್ಕ ಯಜಮಾನ!

"ಹಂಗ ಒಲಿ ಲೆಕ್ಕಾ ಹಿಡದ್ರ ಮಂದಿ ರಾತ್ರೋರಾತ್ರಿ ನಾಕು ಒಲಿ ಹೂಡತಾರ" ಅಂತ ನಮ್ಮ ಮನೆಯವರ ವಾದ. ಹೂಡವಲ್ರ್ಯಾಕ, ಹೊಳಿ ಬರೋದಕ್ಕ ಮೊದಲಿನ ರೇಷನ್ ಕಾರ್ಡಿನ ಪಟ್ಟಿ ಹಿಡೀರಿ, ಮುಗೀತು. ಹೊಳಿ ಬಂದ ಮ್ಯಾಲ ಮಾಡಿಸಿದ ಕಾರ್ಡ್ ಬಿಡ್ರಿ. ಗ್ವಾಡಿ ಲೆಕ್ಕದಾಗ ಸುಳ್ಳು ನಡೀಲಿಲ್ಲೇನು? ನೆಟ್ಟಗಿದ್ದ ಮನಿ ಬಿದ್ದೈತಿ ಅಂತ ಬರಿಸಿದಾವರೂ ಅದಾರ, ಬಿದ್ದ ಮನಿಗೆ ಹೆಸರು ಬರದಾವರೂ ಅದಾರ. ಕಳ್ಳರು ಬರತಾರಂತ ಯಾರೂ ಬಾಗಲಾ ಇಲ್ಲದ ಮನಿ ಕಟ್ಟಂಗಿಲ್ಲ.

ಇನ್ನ ಅಡಗಿಮನಿ ಲೆಕ್ಕಕ್ಕ ಬರ್ರಿ. ನಾ ಪಿಯುಸಿ ತನಕ ಕಲತಾಕಿ, ಇಷ್ಟು ಲೆಕ್ಕ ನನಗ ಬರತೈತಿ. ಆಗಿನ ಕೇಂದ್ರದ ವಿಪತ್ತು ಪರಿಹಾರದ ನಿಯಮದಾಗ ಒಂದು ಮನಿಗೆ ಅರಬಿಗೆ 1,800, ಪಾತ್ರೆ ಸಾಮಾನಿಗೆ 2,000 ರೂಪಾಯಿ. ಎರಡೂ ಕೂಡಿ 3,800. ಅದ ನಿಯಮದಾಗ ಹೈನದ ಎಮ್ಮಿ ಸತ್ರ 30,000. ಎಮ್ಮಿಗೆ ಅಷ್ಟು ಬೇಕ, ಕಡಿಮೀನ ಆತು ಅಂತೀನಿ ನಾ. ಆದ್ರ ಆ ಎಮ್ಮಿ ಹಾಲು ಕಾಸಿ, ಹೆಪ್ಪು ಹಾಕಿ, ಬೆಣ್ಣಿ ತಗದು ಮನಿ ನಡಸೋ ಅಡಗಿಮನಿ ಪೂರ್ತಿ ಹೋದ್ರ 2,000! 2022ರಾಗ ತಿದ್ದಿದ್ರು, 2,500 ಆತು. 2019ರಾಗ ನಮ್ಮ ರಾಜ್ಯ ಸರಕಾರ ತನ್ನ ಕೈಲೆ ಕೂಡಿಸಿ ಮನಿಗೆ 10,000 ಕೊಟ್ಟಿತ್ತು, ಅದನ್ನ ಮರೀಬಾರದು. ಅದೂ ಸಾಲಲಿಲ್ಲ ಅನ್ನೋದನ್ನೂ ಮರೀಬಾರದು.

ಒಂದು ಅಡಗಿಮನ್ಯಾಗ ಏನಿರತೈತಿ ಅಂತ ಗಂಡಸರಿಗೆ ಗೊತ್ತಿಲ್ಲದಿದ್ರ ನಡೀತೈತಿ, ನಮಗ ಗೊತ್ತಿಲ್ಲೇನ್ರೀ? ಹಂಚು, ಪರಾತ, ಕೊಡ, ಹಂಡೆ, ಬೋಗಾಣಿ, ಡಬ್ಬಿ ಸಾಲು, ಮಿಕ್ಸರ್, ಗ್ಯಾಸಿನ ಒಲಿ. ಇವು ಅಂಗಡ್ಯಾಗ ಸಿಗೋವು. ಸಿಗಲಾರದ್ದು ಏನಂದ್ರ, ಆಗಸ್ಟಿನ್ಯಾಗ ಹೊಳಿ ಬಂತಂದ್ರ ಬ್ಯಾಸಗ್ಯಾಗ ಮಾಡಿಟ್ಟ ಇಡೀ ವರ್ಷದ ಸಾಮಾನು ಹೋತು ಅಂತ. ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ಕುಟ್ಟಿಸಿದ ಖಾರ, ಶ್ಯಾವಿಗಿ, ಹಪ್ಪಳ, ಸಂಡಿಗಿ, ಉಪ್ಪಿನಕಾಯಿ, ಹುಣಸಿಹಣ್ಣು, ಮುಂದಿನ ಬಿತ್ತಿಗಿಗೆ ಬೂದಿ ಹಚ್ಚಿ ಇಟ್ಟ ಕಾಳು. ಜ್ವಾಳಾನ ತಗೋರಿ. ಆರು ಮಂದಿ ಎರಡು ಹೊತ್ತು ರೊಟ್ಟಿ ಉಣ್ಣೋ ಮನಿಗೆ ವರ್ಷಕ್ಕ ಹತ್ತು ಚೀಲಾ ಬೇಕು. ಚೀಲಕ್ಕ 3,000 ಹಿಡದ್ರೂ 30,000 ಆತು. ಹಿಂಗಾರಿ ಜ್ವಾಳ ಮತ್ತ ಮನಿಗೆ ಬರೋದು ಮುಂದಿನ ಫೆಬ್ರವರಿ, ಮಾರ್ಚಿಗೆ. ಅಲ್ಲೀತನಕ ಕೊಂಡು ತಿನ್ನಬೇಕು. ನೀರು ಹೊಕ್ಕ ಜ್ವಾಳ ಎರಡ ದಿನಕ್ಕ ಮುಗ್ಗಿ ನಾತ ಹೊಡೀತೈತಿ, ದನಾ ಸುದ್ದಾ ಮೂಸಂಗಿಲ್ಲ. ಬರಕೊಂಡು ಹೋಗಾವರ ಹಾಳಿಯೊಳಗ ಇದಕ್ಕೊಂದು ಕಾಲಂ ಇಲ್ಲ. ಹೊಲದಾಗಿನ ಬೆಳಿಗೆ ಐತಿ, ಗಡಿಗ್ಯಾಗಿನ ಕಾಳಿಗೆ ಇಲ್ಲ.

ಗಂಜಿ ಕೇಂದ್ರದ ಮಾತು. ಈಗ ಅದಕ್ಕ 'ಕಾಳಜಿ ಕೇಂದ್ರ' ಅಂತಾರ, ಹೆಸರು ಚಂದ ಐತಿ. ಊರ ಸಾಲ್ಯಾಗ ನೂರಾರು ಮಂದಿನ ತಂದು ಹಾಕಿದ್ರು. ಅನ್ನ ಸಾರು ಬಂತು, ಸುತ್ತಲ ಊರಿನ ಹೆಣ್ಣಮಕ್ಕಳು ಕಟಕ ರೊಟ್ಟಿ, ಶೇಂಗಾ ಹಿಂಡಿ ಬುಟ್ಟಿಗಟ್ಟಲೆ ಕಳಿಸಿದ್ರು. ಅವರ ಕೈಗೆ ಶರಣು ಅನ್ನಬೇಕು. ಆದ್ರ ಅಷ್ಟು ಮಂದಿಗೆ ಪಾಯಖಾನಿ ಎರಡು, ಅದರಾಗ ಒಂದಕ್ಕ ಬಾಗಲಿಲ್ಲ. ಗಂಡಸರು ಬಯಲಿಗೆ ಹೋದ್ರು. ಹೆಣ್ಣಮಕ್ಕಳು ಏನ ಮಾಡಿದ್ರು ಗೊತ್ತೇನು? ನೀರು ಕುಡಿಯೋದು ಬಿಟ್ರು. ಕತ್ತಲಾಗೋತನಕ ತಡಕೊಂಡು ಕುಂತ್ರು. ನಮ್ಮ ವೈನಿಗೆ ಆಗ ಉರಿಮೂತ್ರ ಹಿಡದದ್ದು ಎರಡ ತಿಂಗಳು ಬಿಡಲಿಲ್ಲ. ತಿಂಗಳ ಮುಟ್ಟು ಹೊಳಿ ಬಂದೈತಿ ಅಂತ ತಡದು ನಿಂದ್ರಂಗಿಲ್ಲ. ಪಂಚಮಿಗೆ ಬಂದ ಬಾಣಂತ್ಯಾರು ಅದ ಹಾಲಿನ್ಯಾಗ, ಒಂದು ಸೀರಿ ಅಡ್ಡ ಕಟ್ಟಿಕೊಂಡು ಕೂಸಿಗೆ ಮೊಲಿ ಕೊಟ್ರು. ಅವರ ಹೆಸರು ಗಂಡನ ಊರ ಕಾರ್ಡಿನ್ಯಾಗ, ಹಿಂಗಾಗಿ ಇಲ್ಲಿಯ ಪಟ್ಟಿಯೊಳಗ ಅವರು ಬೀಗರು.

ಈಗ ಸ್ವಲ್ಪ ನಮ್ಮ ಕಡೆ ತಿರಗತೀನಿ, ಸಿಟ್ಟಾಗಬ್ಯಾಡ್ರಿ. ಲಾರಿಗಟ್ಟಲೆ ಹಳೇ ಅರಬಿ ಬಂದ್ವಲ್ಲ, ಅವು ಯಾರ ಕಪಾಟಿನ್ಯಾವು? ಸೀರಿ ಬಂದ್ವು, ಪರಕರ ಇಲ್ಲ. ಜಂಪರ್ ಬಂದ್ವು, ಯಾರದೋ ಅಳತಿ. ಇಳಕಲ್ ಸೀರಿ, ಗುಳೇದಗುಡ್ಡದ ಖಣದ ಕುಬಸ ಹಾಕಿ ಬಾಳೇ ಮಾಡಿದ ಮುದುಕ್ಯಾರಿಗೆ ಜರದ ನೈಲಾನ್ ಸೀರಿ, ಕಾಲೇಜ್ ಹುಡುಗೀರ ಜೀನ್ಸ್ ಪ್ಯಾಂಟು. ರಸ್ತೆ ಬಾಜೂಕ ಒಟ್ಟಿದ ಆ ರಾಶಿ ಮಳ್ಯಾಗ ನೆನದು ನಾರಿತು. ಹಂಗ ಕೊಟ್ಟದ್ದಕ್ಕ ದಾನ ಅನ್ನಬಾರದು, ಅದು ಕಪಾಟ ಕಸ ಹೊಡದದ್ದು. ಕೊಡಬೇಕಂತ ಮನಸಿದ್ರ ಫೋನ್ ಮಾಡಿ ಕೇಳ್ರಿ. ಹೊಸಾ ಪರಕರ, ಒಳಗಿನ ಅರಬಿ, ಪ್ಯಾಡು, ಬ್ಯಾಟರಿ, ಒಂದು ಹಂಚು, ಎರಡು ಚೀಲ ಜ್ವಾಳ. ಇವನ್ನ ಕೊಟ್ಟಾಕಿ ಫೋಟೋ ಹೊಡಿಸಿಕೊಂಡ್ರೂ ನಾ ಏನೂ ಅನ್ನಂಗಿಲ್ಲ.

ಇನ್ನೊಂದು ಮಾತು ಐತಿ: "2009ರಾಗ ಆಸರೆ ಮನಿ ಕಟ್ಟಿಸಿ ಕೊಟ್ರಲ್ಲ, ಹೋಗಿ ಇರಬೇಕಿಲ್ಲ?" ಆಸರೆ ಮನಿ ಕಟ್ಟಾಕ ದಾನಿಗಳು ರೊಕ್ಕ ಹಾಕಿದ್ರು, ಮನಸಿನ್ಯಾಗ ಒಳ್ಳೇದನ್ನ ಇಟ್ಟುಕೊಂಡ ಹಾಕಿದ್ರು. ಆದ್ರ ಎಷ್ಟೋ ಊರಾಗ ಆ ಮನಿಗೋಳು ಖಾಲಿ ಬಿದ್ದ್ವು. ಯಾಕಂತ ಒಬ್ಬಾಕಿ ಹೆಣ್ಣಮಗಳನ್ನ ಕೇಳಿದ್ರೂ ಹೇಳತಿದ್ಲು. ಹೊಲಾ ದೂರ. ಎಮ್ಮಿ ಕಟ್ಟಾಕ ಜಾಗಾ ಇಲ್ಲ, ಕುಳ್ಳು ಬಡಿಯಾಕ ಜಾಗಾ ಇಲ್ಲ, ಮೇವಿನ ಬಣವಿ ಎಲ್ಲಿ ಒಟ್ಟಬೇಕು? ಮತ್ತ ಅಲ್ಲೂ ಅದ ಲೆಕ್ಕ, ಮೂರು ಒಲಿಯ ಮನಿಗೆ ಕೀಲಿ ಒಂದು. ಹಿರಿಯಾಂವ ಹೋದ್ರ ಉಳದ ಇಬ್ಬರು ಹೊಳಿ ದಂಡ್ಯಾಗನ ಉಳದ್ರು. ಹತ್ತು ವರ್ಷಕ್ಕ ಹೊಳಿ ಮತ್ತ ಬಂದಾಗ ಅವರ ಸಿಕ್ಕರು. ಅಂಥಾವರನ್ನ ಹಟಮಾರಿಗೋಳು ಅಂತೀರಿ.

ಆ ಐದು ಲಕ್ಷಾನೂ ಒಮ್ಮೆಲೆ ಕೈಗೆ ಬರಂಗಿಲ್ಲ ತಂಗ್ಯಾರ. ಬುನಾದಿ ಹಾಕಿದ್ರ ಇಷ್ಟು, ಗ್ವಾಡಿ ಏರಿದ್ರ ಇಷ್ಟು, ಫೋಟೋ ಹೊಡದು ಕಳಿಸಿದ ಮ್ಯಾಲ ಇಷ್ಟು. ಮೊದಲ ಕಟ್ಟಬೇಕು, ಆಮ್ಯಾಲ ರೊಕ್ಕ. ಕಟ್ಟಾಕ ರೊಕ್ಕ ಎಲ್ಲಿಂದ? ಹೆಣ್ಣಮಕ್ಕಳ ಸಂಘದ ಸಾಲಾ, ಕಿವ್ಯಾಗಿನ ಬೆಂಡವಾಲಿ, ಕೊರಳಾಗಿನ ಗುಂಡು. ಎಷ್ಟು ಮನಿ ಬುನಾದಿಗೆ ನಿಂತು ಮ್ಯಾಲ ಜಾಲಿಕಂಟಿ ಬೆಳದಾವ, ಆ ರಸ್ತೆಕ ಹಾದು ಹೋಗಾವರು ಬಸ್ಸಿನ ಕಿಡಕ್ಯಾಗಿಂದ ನೋಡ್ರಿ. ನೋಡಿ ಆಮ್ಯಾಲ ಹೇಳ್ರಿ, ಹೊಳಿ ಕೊಟ್ಟು ಹೋತೋ, ಕಸಗೊಂಡು ಹೋತೋ.

ಬರಕೊಂಡು ಹೋಗೋ ಪಟ್ಟಿ ಪಂಚಾಯ್ತಿಯೊಳಗ ಹಚ್ಚತಾರ, ತಕರಾರು ಇದ್ರ ಹೇಳ್ರಿ ಅಂತಾರ. ಆ ದಿನ ಹೆಣ್ಣಮಕ್ಕಳು ಯಾರೂ ಹೋಗಿರಂಗಿಲ್ಲ, ಕೆಸರು ಬಳಿಯೋದರಾಗ ಇರತಾರ. ಉತಾರದಾಗ ಹೆಸರಿಲ್ಲದಾಕಿ ಹೋಗಿ ನಿಂತ್ರೂ "ನಿಂದೇನೈತವಾ ಇಲ್ಲಿ" ಅಂತಾರ. ಅದಕ್ಕ ಹೊಳಿ ಬರೋದಕ್ಕ ಮೊದಲ ಮಾಡೋ ಕೆಲಸ ಇದು. ಹೊಳಿ ದಂಡ್ಯಾಗ ತವರು ಇದ್ದಾವರು ಈ ಸಲ ಪಂಚಮಿಗೆ ಹೋದಾಗ ಉಂಡಿ ತಿಂದು ಬರೋದರ ಜೋಡಿ ಮನಿ ಉತಾರ ಯಾರ ಹೆಸರಿಲೇ ಐತಿ ಕೇಳ್ರಿ. ಸತ್ತಾವರ ಹೆಸರಿಲೇ ಇದ್ರ ವಾರಸಾ ಮಾಡಿಸಾಕ ಅಣ್ಣತಮ್ಮಂದಿರಿಗೆ ಹೇಳ್ರಿ, ಅವ್ವನ ಹೆಸರು, ವೈನಿಯರ ಹೆಸರು ಹಚ್ಚಸ್ರಿ. ಬ್ಯಾರೆ ಒಲಿ ಹೂಡಿದಾವರು ಬ್ಯಾರೆ ಕಾರ್ಡ್ ಮಾಡಿಸ್ಯಾರಿಲ್ಲೋ ನೋಡ್ರಿ. ಹಿತ್ತಲ ಖೋಲ್ಯಾಗ ಒಬ್ಬಾಕಿನ ಇರೋ ಹೆಣ್ಣಮಗಳು ಇದ್ದಾಳೇನು, ಆಕೀನ ಮೊದಲ ಕೇಳ್ರಿ.