ನೃತ್ಯದ ಲಯ ಯಾರ ಕೈಯಲ್ಲಿ?

ಕುಣಿಯಲಾರದವರು ನೆಲ ಡೊಂಕೆಂದರು ಎಂಬುದು ನಮ್ಮ ಗಾದೆ. ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯಲ್ಲಿ ನೆಲವೇ ಡೊಂಕಾಗಿತ್ತು. ಮಕ್ಕಳು ಆದರೂ ಕುಣಿದರು. ಅಲ್ಲಿ ಎರಡನೆಯ ಯುದ್ಧ ಆರಂಭವಾದ 1999ರಲ್ಲೇ ನೃತ್ಯ ಸಂಯೋಜಕ ರಮ್ಜಾನ್ ಅಖ್ಮಾದೊವ್ ‘ದೈಮೋಖ್’ ಎಂಬ ಮಕ್ಕಳ ತಂಡ ಕಟ್ಟಿದರು. ಆ ಹೆಸರಿಗೆ ಪಿತೃಭೂಮಿ ಎಂದರ್ಥ. ಈ ಮಕ್ಕಳ ಯುರೋಪ್ ಪ್ರವಾಸವನ್ನು ಕುರಿತು ಡಚ್ ನಿರ್ದೇಶಕ ಯೋಸ್ ದ ಪುಟ್ಟರ್ 2002ರಲ್ಲಿ ಹೊರತಂದ ಸಾಕ್ಷ್ಯಚಿತ್ರವನ್ನು ನೋಡಿದಾಗ ನನ್ನಲ್ಲಿ ಮೊದಲು ಮೂಡಿದ್ದು ಮರುಕ. ಆ ಮರುಕ ಸಾಲದು ಎಂದು ಈಗ ಅನ್ನಿಸುತ್ತಿದೆ.

ಚೆಚೆನ್ ಜನರಿಗೆ ನೃತ್ಯ ಕೇವಲ ಮನರಂಜನೆಯಲ್ಲ. ಹುಡುಗ ಹದ್ದಿನಂತೆ ಕೈಚಾಚಿ ಸುತ್ತುತ್ತಾನೆ. ಹುಡುಗಿ ಹಂಸದಂತೆ ತೇಲುತ್ತಾಳೆ. ಅವನು ಅವಳನ್ನು ಮುಟ್ಟುವಂತಿಲ್ಲ. ಹೆಣ್ಣು-ಗಂಡಿನ ನಡುವಣ ಮರ್ಯಾದೆಯೂ ಸಂಯಮವೂ ಆ ಹೆಜ್ಜೆಗಳಲ್ಲಿವೆ. 1944ರಲ್ಲಿ ಸ್ಟಾಲಿನ್ ಸರ್ಕಾರ ಚೆಚೆನ್ ಮತ್ತು ಇಂಗುಷ್ ಜನರನ್ನು ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿತು. 1957ರವರೆಗೂ ಅವರು ತಾಯ್ನಾಡಿಗೆ ಮರಳುವಂತಿರಲಿಲ್ಲ. ಮನೆ, ಹೊಲಗಳನ್ನು ಕಳೆದುಕೊಂಡವರ ಬಳಿ ಉಳಿದದ್ದು ಮೈಗೂಡಿದ್ದ ಇಂಥ ಸಂಪತ್ತು ಮಾತ್ರ. 2003ರಲ್ಲಿ ವಿಶ್ವಸಂಸ್ಥೆ ಭೂಮಿಯ ಮೇಲಿನ ಅತ್ಯಂತ ಧ್ವಂಸಗೊಂಡ ನಗರ ಎಂದು ಕರೆದ ಗ್ರೋಜ್ನಿಯ ಮಕ್ಕಳಿಗೂ ಅದೇ ಆಸ್ತಿ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಸಮಾಧಾನದ ಕಥೆಯಾಗುತ್ತಿತ್ತು. ಆದರೆ ಅನಂತರದ ಬೆಳವಣಿಗೆಯತ್ತ ನಾವು ಗಮನ ಹರಿಸಿದ್ದು ಕಡಿಮೆ. ರಷ್ಯಾ ತನ್ನ ಕಾರ್ಯಾಚರಣೆ ಮುಗಿಯಿತೆಂದು 2009ರಲ್ಲಿ ಘೋಷಿಸಿತು. 2007ರಿಂದ ಅಧಿಕಾರದಲ್ಲಿದ್ದ ರಮ್ಜಾನ್ ಕದಿರೊವ್ ಸ್ವತಃ ಸಮಾರಂಭಗಳಲ್ಲಿ ಕುಣಿಯುವವರು. ಅವರ ಆಡಳಿತದಲ್ಲಿ ನೃತ್ಯಕ್ಕೆ ಸರ್ಕಾರದ ಪೋಷಣೆ ದೊರೆಯಿತು. ಅದರ ಜೊತೆಗೆ ಸರ್ಕಾರದ ಅಂಕೆಯೂ ಬಂತು. 2024ರ ಏಪ್ರಿಲ್‌ನಲ್ಲಿ ಚೆಚೆನ್ಯಾದ ಸಂಸ್ಕೃತಿ ಸಚಿವಾಲಯ ಸಂಗೀತ, ಗಾಯನ, ನೃತ್ಯ ಕೃತಿಗಳೆಲ್ಲವೂ ನಿಮಿಷಕ್ಕೆ 80ರಿಂದ 116 ತಾಳಗಳ ಒಳಗಿರಬೇಕೆಂದು ವಿಧಿಸಿತು. ಜನಾಂಗದ ಮನೋಧರ್ಮಕ್ಕೆ ಅದೇ ಒಪ್ಪುತ್ತದೆಯಂತೆ!

ಪರಂಪರೆಯನ್ನು ಉಳಿಸುವುದಾಗಿ ಹೇಳುವವರೆಲ್ಲ ಅದರ ಮಿತ್ರರಲ್ಲ. ಬಾಂಬು ಬೀಳುವಾಗ ಆ ಮಕ್ಕಳ ನೃತ್ಯ ಅವರದೇ ಆಗಿತ್ತು. ಶಾಂತಿಯ ಹೆಸರಿನಲ್ಲಿ ಅದರ ವೇಗವನ್ನು ಕಚೇರಿಯೊಂದು ಗೊತ್ತುಪಡಿಸುವಾಗ ಅದು ಯಾರದು? ಅಂದು ಮರುಗಿದ ನಾವು ಇಂದು ಕೇಳಬೇಕಾದ ಪ್ರಶ್ನೆ ಇದು.